ಚಕ್ರಕ್ಕೆ ಹಚ್ಚಿದ ಕುಂಕುಮ

ಎರಡೂ ಬ್ರೇಕ್‌ಗಳನ್ನು ಬಲವಾಗಿ ಅದುಮಿದರೂ ಬಾಡಿಗೆ ಸೈಕಲ್ ನಿಲ್ಲಲಿಲ್ಲ. ಚಾಮುಂಡಿ ಬೆಟ್ಟದ ಇಳಿಜಾರು ಬೀರೇಶನನ್ನು ಎಳೆದುಕೊಂಡೇ ಹೋಯಿತು. ಮುಂದಿನ ತಿರುವಿನಾಚೆ ಬಸ್ಸಿನ ಹಾರ್ನ್ ಕೇಳಿಸಿತು. ಕಾಲು ನೆಲಕ್ಕೆ ಊರಿದರೆ ಚಪ್ಪಲಿ ಕಿತ್ತುಹೋಯಿತು. ಬೇರೆ ದಾರಿ ಕಾಣದೆ ಹ್ಯಾಂಡಲ್ಲನ್ನು ಪಕ್ಕದ ಪೊದೆಯ ಕಡೆ ತಿರುಗಿಸಿ ಬಿದ್ದ. ಬಸ್ಸು ಅವನ ಕಾಲ ಬಳಿಯೇ ಹಾದುಹೋಯಿತು.

ಎದ್ದು ಚಕ್ರ ಮುಟ್ಟಿದ. ಬ್ರೇಕಿನ ರಬ್ಬರ್ ಹಿಡಿಯುವ ಅಂಚಿನ ತುಂಬ ಕೆಂಪು ಜಿಡ್ಡು. ಎಣ್ಣೆಯಲ್ಲಿ ಕಲಸಿದ ಕುಂಕುಮ. ಊರು ನೋಡಲು ಬಂದ ಬೀರೇಶ್ ಮತ್ತು ಹೆಂಡತಿ ಸುಚಿತ್ರಾ ಸೈಕಲ್ಲಿನಲ್ಲಿ ಬೆಟ್ಟ ಹತ್ತುತ್ತಾರೆಂದು ಕೇಳಿ, ನಜರ್‌ಬಾದಿನ ಸೋದರತ್ತೆ ಭಾಗ್ಯಮ್ಮ ಬಸ್ಸಿನಲ್ಲಿ ಮೇಲೆ ಬಂದು ಕಾದಿದ್ದರು. ದೇವಸ್ಥಾನದ ಮುಂದೆ ಬಟ್ಟಲು ಹಿಡಿದು ಚಕ್ರದ ಸುತ್ತ ತಾವೇ ಹಚ್ಚಿದ್ದರು.

"ಬಾಡಿಗೇದಕ್ಕೆ ಪೂಜೆ ಯಾಕತ್ತೆ?" ಎಂದಿದ್ದ ಅವನು.

"ಗಾಡಿ ಯಾರ್ದಾದ್ರೇನೋ, ಇಳಿಯೋರು ನೀವು ತಾನೆ? ಬೆಟ್ಟ ಕಣೋ, ತಾಯಿ ಕಾಪಾಡ್ಲಿ, ಸುಮ್ನಿರು" ಎಂದು ಅತ್ತೆ ಬಟ್ಟಲು ಹಿಡಿದು ಸುಚಿತ್ರಾಳ ಸೈಕಲ್ಲಿನತ್ತ ಹೋಗಿದ್ದರು.

ಫೋಟೋ ತೆಗೆದುಕೊಂಡು ಬರುತ್ತೇನೆಂದು ಸುಚಿತ್ರಾ ಹಿಂದೆ ಉಳಿದಿದ್ದಳು. ಬೀರೇಶ್ ಫೋನಿಗಾಗಿ ಜೇಬು ತಡಕಾಡಿದ. ಅಷ್ಟರಲ್ಲಿ ಮೇಲಿನ ತಿರುವಿನಿಂದ ಸೈಕಲ್ ಬೆಲ್ಲಿನ ಸದ್ದು ಬಂತು. ಅದು ನಿಲ್ಲದೆ ಬಡಿದುಕೊಳ್ಳುತ್ತಿತ್ತು.