ಮೊದಲ ಹೊಗೆ

"ಒಂದಲ್ಲ ಒಂದು ದಿನ ಸೊಳ್ಳೆ ಮೆಷಿನ್ ನನ್ನ ಕೈಗೆ ಬಂದೇ ಬರುತ್ತೆ ಅಕ್ಕಾ. ಬಂದ ದಿನ ಮೊದಲು ನಿನ್ನ ಬೀದಿಗೇ ಹೊಗೆ ಹೊಡೀತೀನಿ." ತಮ್ಮ ಹೀಗೆ ಮಾತು ಕೊಟ್ಟಾಗ ಅವನಿನ್ನೂ ಪುರಸಭೆಯ ಚರಂಡಿ ಕೆಲಸದಲ್ಲಿದ್ದ. ಅಕ್ಕನ ದೊಡ್ಡ ಮಗಳು ಡೆಂಗಿ ಜ್ವರದಲ್ಲಿ ತೀರಿಕೊಂಡು ಆಗ ಹನ್ನೊಂದು ದಿನವಾಗಿತ್ತು.

ಆರು ವರ್ಷದ ಮೇಲೆ, ಇವತ್ತು, ಅವನು ಮೆಷಿನ್ ಹೆಗಲಿಗೇರಿಸಿಕೊಂಡು ಬಂದ. ಬೀದಿ ತುಂಬ ದಟ್ಟ ಹೊಗೆ.

"ತಮ್ಮ ಅಂದ್ರೆ ಇವನಪ್ಪ!" ಎದುರುಮನೆಯಾಕೆ ಅಕ್ಕನನ್ನು ಕೂಗಿ ಹೇಳಿದಳು. "ನನಗೂ ಒಬ್ಬ ಇದ್ದಾನೆ, ಕರೆಂಟ್ ಬಿಲ್ ಕಟ್ಟು ಅಂದ್ರೆ ಊರೇ ಬಿಡ್ತಾನೆ."

ಅಕ್ಕನ ಮನೆಯಲ್ಲೇ ಇರುವ ಅಪ್ಪ ಜಗಲಿಯಲ್ಲಿ ಕೂತಿದ್ದರು. ಮೂವತ್ತು ವರ್ಷ ಅದೇ ಮೆಷಿನ್ ಹೊತ್ತವರು. ಎರಡು ಸಲ ಮೂಸಿ ನೋಡಿದರು. ಮೆಷಿನ್ ನಿಂತ ಮೇಲೆ ಮಗನನ್ನು ಹತ್ತಿರ ಕರೆದರು.

"ಔಷಧಿ ಎಲ್ಲೋ ಇದರಲ್ಲಿ? ಬರೀ ಡೀಸೆಲ್ ಹೊಗೆಗೆ ಸೊಳ್ಳೆ ಸಾಯಲ್ಲ ಕಣೋ, ಕೆಮ್ಮುತ್ತೆ ಅಷ್ಟೆ."

"ಮೆಲ್ಲಗೆ ಅಪ್ಪಾ. ಔಷಧಿನ ಉಗ್ರಾಣದಿಂದಲೇ ಮಾರಿಕೊಂಡಿದ್ದಾರೆ. ಕೇಳಿದ್ದಕ್ಕೆ ಸಾಹೇಬರು, ಜನಕ್ಕೆ ಹೊಗೆ ಕಂಡ್ರೆ ಸಾಕು, ಮೆಷಿನ್ ಭಾರ ಆದ್ರೆ ವಾಪಸ್ ಚರಂಡಿಗಿಳಿ ಅಂದ್ರು."

ತಮ್ಮ ಒಳಗೆ ಹೋದಾಗ ಅಕ್ಕ ಸ್ಟೂಲಿನ ಮೇಲೆ ನಿಂತು ಚಿಕ್ಕ ಮಗಳ ಮಂಚದ ಸೊಳ್ಳೆಪರದೆ ಬಿಚ್ಚುತ್ತಿದ್ದಳು.

"ಇನ್ನು ಇದರ ಕಾಟ ಬೇಡ ಕಣೋ. ಸೆಕೆ ಅಂತ ಇವಳು ಮಧ್ಯಾಹ್ನ ಒಳಗೆ ಮಲಗೋದೇ ಇಲ್ಲ."

"ಕಟ್ಟೇ ಇರಲಿ ಅಕ್ಕಾ."

"ಯಾಕೆ? ನೀನೇ ಹೊಡೆದಿದ್ದೀಯಲ್ಲ?"

ತಮ್ಮ ನೆಲ ನೋಡಿದ. ಅಕ್ಕ ಅವನನ್ನು ನೋಡಿದಳು, ಬಾಗಿಲಲ್ಲಿ ಬಂದು ನಿಂತಿದ್ದ ಅಪ್ಪನ ಮುಖವನ್ನೂ ನೋಡಿದಳು. ಬಿಚ್ಚಿದ್ದ ಮೂಲೆಗಳನ್ನು ಮತ್ತೆ ಕಟ್ಟಿದಳು, ಒಂದೊಂದಕ್ಕೂ ಎರಡೆರಡು ಗಂಟು.

ಅವನು ಹೊರಗೆ ಬಂದಾಗ ಎದುರುಮನೆಯಾಕೆ ತನ್ನ ಮನೆಯ ಸೊಳ್ಳೆಪರದೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. "ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ. ಇವತ್ತಿಂದ ನನ್ನ ಮೊಮ್ಮಕ್ಕಳು ಹಾಯಾಗಿ ಮಲಗ್ತವೆ."

ಅವನು ಬಾಯಿ ತೆರೆದ. ಹೆಗಲ ಮೇಲಿನ ಪಟ್ಟಿ ಸರಿಮಾಡಿಕೊಂಡ.

"ಆಗಲಿ ಅಮ್ಮಾ" ಎಂದು ಮುಂದಿನ ಬೀದಿಗೆ ತಿರುಗಿದ.

ಕೊಟ್ಟ ಮಾತಿನಂತೆ, ಮೊದಲ ಹೊಗೆ ಅಕ್ಕನ ಬೀದಿಗೇ ಬಿದ್ದಿತ್ತು.