ಬಲಿಪೀಠದ ಹೊದಿಕೆ

ಹಬ್ಬಕ್ಕೆ ಚರ್ಚು ಸಿಂಗರಿಸುತ್ತಿದ್ದ ದೊಮಿಂಗಳ ಕೈಯಲ್ಲೇ ಕತ್ತರಿ ಇನ್ನೂ ಇತ್ತು. ಸಂತ ಜೋಸೆಫರ ಬಲಿಪೀಠಕ್ಕೆಂದು ಲಿಗಾಯ ವರ್ಷವಿಡೀ ಸಾಲಿಗೊಂದು ಜಪ ಹೇಳುತ್ತ ಹೆಣೆದ ಕ್ರೋಶಾ ಹೊದಿಕೆ ಎರಡು ತುಂಡಾಗಿತ್ತು.

"ನೆಲಕ್ಕೆ ತಾಗ್ತಿತ್ತು ಕಣೆ, ಅಳತೆಗೆ ಕತ್ತರಿಸಿದೆ. ಅಂಚು ಹೊಲಿದ್ರಾಯ್ತು."

"ಕ್ರೋಶಾನ ಯಾರಾದ್ರೂ ಕತ್ತರಿಸ್ತಾರೇನೆ? ಒಂದೇ ದಾರ ಅದು. ಕರೆದಿದ್ರೆ ನಾನೇ ಬಿಚ್ಚಿ ಗಿಡ್ಡ ಮಾಡ್ತಿದ್ದೆ," ಎಂದಳು ಲಿಗಾಯ.

ದೊಮಿಂಗ ನಕ್ಕಳು. "ಪೂಜೆ ಸಂತರಿಗೋ, ನಿನ್ನ ಹೆಣಿಗೆಗೋ?"

ಲಿಗಾಯಳಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು. ಪೀಠದ ಮೇಲೆ ಉಳಿದಿದ್ದ ತುಂಡಿನ ಸಡಿಲ ಎಳೆ ಹಿಡಿದು ಜಗ್ಗಿದಳು. ಸಾಲಿಗೆ ಸಾಲೇ ಬಿಚ್ಚಿಕೊಂಡು ದಾರ ಅವಳ ಕಾಲ ಬಳಿ ಗುಡ್ಡೆಯಾಯಿತು. ಕೆಳಗಿನಿಂದ ನಾರಾ ಮರದ ಕೆಂಪು ಹಲಗೆ ಇಣುಕಿತು.

"ನಿಲ್ಸೆ, ನಾಳೆ ಹಬ್ಬ. ಪೀಠ ಬೋಳಾಗುತ್ತೆ."

"ಆಗಲಿ." ಲಿಗಾಯ ಕೈ ನಿಲ್ಲಿಸಲಿಲ್ಲ. "ಸಂತ ಜೋಸೆಫರು ಬಡಗಿ ಅಲ್ವಾ. ಬರೀ ಮರ ಅವರಿಗೆ ಹೊಸದೇನಲ್ಲ."