ಹುಣಸೆಹಣ್ಣು ಹಾಕಿ ತಿಕ್ಕಿದ ಚಾಕುಗಳು

ಗಂಡ ಕಣ್ಣಿನ ಆಪರೇಷನ್ ಮುಗಿಸಿ ಮನೆಗೆ ಬರುವ ದಿನ, ಅವರು ಕೂಡಿಟ್ಟಿದ್ದ ಇಂಗ್ಲೆಂಡಿನ ಹಳೇ ಚಾಕುಗಳನ್ನೆಲ್ಲ ಅವಳು ಹುಣಸೆಹಣ್ಣು ಹಾಕಿ ತಿಕ್ಕಿ, ದೇವರ ಪಾತ್ರೆಗಳ ಹಾಗೆ ಫಳಫಳ ಮಾಡಿಟ್ಟಳು.

ಮಗಳು ತಲೆ ಚಚ್ಚಿಕೊಂಡು ಅಪ್ಪನ ದನಿಯಲ್ಲೇ ಅಣಕಿಸಿದಳು: "'ನೂರು ವರ್ಷದ ಕಪ್ಪು ಕಣೇ ಅದು, ಅದೇ ಅದರ ಬೆಲೆ!' ಅಮ್ಮಾ, ಇವತ್ತು ನಿನಗೆ ಸಹಸ್ರನಾಮ!"

"ಬೈಯಲಿ ಬಿಡೇ. ಎಲ್ಲಾ ಚೆನ್ನಾಗಿ ಕಾಣ್ತಿದೆ ಅಂತ ಫೋನಲ್ಲಿ ಹೇಳಿದ್ರಲ್ಲ, ನನಗಷ್ಟೇ ಸಾಕು."

ತಮ್ಮನ ಕೈ ಹಿಡಿದು ಒಳಗೆ ಬಂದವರು ಮೊದಲು ಕೇಳಿದ್ದೇ ಚಾಕು. ಅವಳು ಅಳುಕುತ್ತಲೇ ಒಂದನ್ನು ಕೈಗಿಟ್ಟಳು. ಅವರು ಅದನ್ನು ಕಿಟಕಿಯತ್ತ ಎತ್ತಿ ಹಿಡಿದರು. ಅಲಗಿಗೆ ತಾಗಿದ ಬಿಸಿಲು ನೇರ ಅವರ ಕಣ್ಣಿಗೇ ಹೊಡೆಯಿತು.

ರೆಪ್ಪೆ ಮಿಟುಕಿಸದೆ ಅವರೆಂದರು: "ಕಪ್ಪು ಹಾಗೇ ಇದೆ. ನೀನು ಮುಟ್ಟದೇ ಇದ್ದದ್ದು ಒಳ್ಳೇದಾಯ್ತು ಕಣೇ."